ಇಡಿಯಾಗಿ ಬಂದ ಗುಳ್ಳೆ

ಎದೆಲ್ಮಿರಾ ಕಯುನಾವೊ ಟಗರು ಸುಲಿಯುವುದನ್ನು ನೋಡಲಿಕ್ಕೆಂದೇ ಉಣ್ಣೆ ಕತ್ತರಿಸುವ ತಂಡದ ಗಂಡಸರು ಕೆಲಸ ಬಿಟ್ಟು ಬರುತ್ತಿದ್ದರು. ಬಲಗೈಯಲ್ಲಿ ಚೂರಿ, ಎಡಗೈ ಮುಷ್ಟಿ ಕಟ್ಟಿ ತೊಗಲಿಗೂ ಮಾಂಸಕ್ಕೂ ನಡುವೆ ತೂರಿಸಿ ಸರ್ರನೆ ಎಳೆದಳೆಂದರೆ, ನಿದ್ದೆಗಣ್ಣಿನ ಮಗುವಿನ ಅಂಗಿ ಬಿಚ್ಚಿದ ಹಾಗೆ ಚರ್ಮ ಬಿಚ್ಚಿಕೊಳ್ಳುತ್ತಿತ್ತು. ಒಂದು ತೂತಿಲ್ಲ, ಉಣ್ಣೆಗೆ ಒಂದು ಹನಿ ರಕ್ತ ತಾಗುವಂತಿಲ್ಲ.

"ಫರ್ಮಿನ್, ಹೆಂಡ್ತಿ ಜೊತೆ ಜಗಳ ಇಟ್ಕೋಬೇಡ ಕಣೋ. ನಿನ್ನೂ ಹಿಂಗೇ ಸುಲಿದು ತಂತಿ ಮೇಲೆ ಒಣಗಾಕ್ತಾಳೆ," ಎಂದು ಯಾರಾದರೂ ರೇಗಿಸುತ್ತಿದ್ದರು.

"ಅವನ ತೊಗಲು ಯಾರಿಗ್ ಬೇಕು? ಒಂದು ಎಳೆ ಉಣ್ಣೆ ಇಲ್ಲ ಅದ್ರಲ್ಲಿ," ಎನ್ನುತ್ತಿದ್ದಳು ಎದೆಲ್ಮಿರಾ, ತಲೆ ಎತ್ತದೆಯೇ. ಗಡ್ಡಮೀಸೆ ಬಾರದ ಫರ್ಮಿನ್ ಕುರಿಕೆಯೊ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಪಟಗೋನಿಯಾದ ಬಯಲಿನಲ್ಲಿ ಆ ಕುರಿ ಎಸ್ಟೇಟಿನ ಕಟ್ಟಕಡೆಯ ಕಾವಲುಮನೆ ಅವರದು. ಅದರಾಚೆ ಬೇಲಿ, ಬೇಲಿಯಾಚೆ ಗಾಳಿ. ಎದೆಲ್ಮಿರಾ ಹುಡುಗಿಯಾಗಿದ್ದಾಗಲೇ ಧಣಿಗಳ ದೊಡ್ಡಮನೆಗೆ ಪಾತ್ರೆ ತೊಳೆಯಲು ಬಂದವಳು. ಅಲ್ಲೇ ಫರ್ಮಿನ್‌ನನ್ನು ಕಂಡಳು, ಮದುವೆಯಾದಳು, ಅವನ ಜೊತೆ ಕಾವಲುಮನೆ ಸೇರಿದಳು. ಹೆತ್ತದ್ದು ಮೂವರನ್ನು, ಮೊದಲಿನಿಬ್ಬರು ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಉಳಿದವಳು ನಿಲ್ದಾ. ಅಪ್ಪನಂತೆ ನಗು, ಅಮ್ಮನಂತೆ ನಾಲಿಗೆ.

ವಾರಕ್ಕೊಂದು ಟಗರು ಕಡಿಯುವುದು ಅಲ್ಲಿನ ಪದ್ಧತಿ. ಹಿಂದಿನ ತೊಡೆಗಳು ದೊಡ್ಡಮನೆಗೆ, ಮುಂಗಾಲು ಕುತ್ತಿಗೆ ತಮಗೆ. ಬಿಸಿ ರಕ್ತಕ್ಕೆ ಉಪ್ಪು ಮೆಣಸಿನಕಾಯಿ ಹಾಕಿ ಬಟ್ಟಲಲ್ಲೇ ಹೆಪ್ಪುಗಟ್ಟಿಸಿ ತಿನ್ನುವುದು ಎದೆಲ್ಮಿರಾಳ ತವರಿನ ರೂಢಿ. ಒಳಗಿನ ಈಲಿ, ಪುಪ್ಪುಸ ನಾಯಿಗಳಿಗೆ. ಆ ಬಯಲಿನ ಕುರಿಗಳ ಈಲಿಯಲ್ಲಿ ಬಿಳೀ ನೀರುಗುಳ್ಳೆ ಇರುವುದು ಮಾಮೂಲು; ಇಲ್ಲದಿದ್ದರೇ ಅಚ್ಚರಿ. ಗುಳ್ಳೆ ಇದ್ದದ್ದನ್ನು ಮನುಷ್ಯರು ತಿನ್ನುವುದಿಲ್ಲ, ನಾಯಿಗೆ ಎಸೆಯುತ್ತಾರೆ. ಅಷ್ಟೇ ಗೊತ್ತಿದ್ದದ್ದು. ನಿಲ್ದಾ ಕಡ್ಡಿಯಿಂದ ಗುಳ್ಳೆ ಚುಚ್ಚಿ, ನೀರು ಚಿಮ್ಮಿದಾಗ ಕಿಲಕಿಲ ನಗುತ್ತಿದ್ದಳು. ಅವಳ ಪಕ್ಕದಲ್ಲೇ ಬಾಲ ಅಲ್ಲಾಡಿಸುತ್ತ ಕಾಯುತ್ತಿತ್ತು ಪಿಚಿ ಎಂಬ ಕಂದು ಹೆಣ್ಣುನಾಯಿ. ಮನೆಯ ಮೂರು ನಾಯಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅದು; ಮಂದೆ ಕಾಯುವುದು ಉಳಿದೆರಡು. ರಾತ್ರಿ ಮಗುವಿನ ಕಾಲ ಬಳಿಯೇ ಮಲಗುತ್ತಿತ್ತು. ಬೆಳಿಗ್ಗೆ ಮುಖ ನೆಕ್ಕಿ ಎಬ್ಬಿಸುತ್ತಿತ್ತು.

ನಿಲ್ದಾಳಿಗೆ ಎಂಟು ತುಂಬಿದ ಬೇಸಿಗೆಯಲ್ಲಿ ತಲೆನೋವು ಶುರುವಾಯಿತು. ಬೆಳಗಾಗೆದ್ದರೆ ತಲೆ ಹಿಡಿದುಕೊಂಡು ಕೂರುವಳು, ಭಳ್ಳನೆ ವಾಂತಿ ಮಾಡುವಳು, ಆಮೇಲೆ ಏನೂ ಆಗದವಳಂತೆ ಆಡಲು ಓಡುವಳು. ಎದೆಲ್ಮಿರಾ ಆಲೂಗಡ್ಡೆ ಬಿಲ್ಲೆಗಳನ್ನು ವಿನೆಗರಿನಲ್ಲಿ ಅದ್ದಿ ಹಣೆಗೆ ಕಟ್ಟಿದಳು. ಯಾರದೋ ದೃಷ್ಟಿ ಇರಬೇಕೆಂದು ಪಕ್ಕದ ಕಾವಲುಮನೆಯ ರೊಸೆಂದಾ ಬಂದು ನೀರಿಗೆ ಎಣ್ಣೆಹನಿ ಬಿಟ್ಟು ನೋಡಿ, "ದೃಷ್ಟಿನೇ ಅಕ್ಕಾ, ನೋಡು ಹೆಂಗೆ ಒಡ್ಕೊಂಡಿತು," ಎಂದು ಮಂತ್ರ ಹಾಕಿ ಹೋದಳು.

ನಿಲ್ದಾ ಊರಿನ ವಸತಿಶಾಲೆಯಲ್ಲಿ ಓದುತ್ತಿದ್ದಳು. ಶರತ್ಕಾಲದಲ್ಲಿ ಶಾಲೆಯವರು ಎದೆಲ್ಮಿರಾಳನ್ನು ಕರೆಸಿ, ಮಗಳನ್ನು ಮನೆಗೆ ಕರೆದೊಯ್ಯಲು ಹೇಳಿದರು. ಮುಖ್ಯೋಪಾಧ್ಯಾಯಿನಿಯ ಪ್ರಕಾರ ಹುಡುಗಿ ಬೇಕೆಂತಲೇ ಬೀಳುತ್ತಾಳೆ, ಲೆಕ್ಕದ ಪೀರಿಯಡ್ಡಿಗೆ ಸರಿಯಾಗಿ ವಾಂತಿ ಮಾಡುತ್ತಾಳೆ. "ನಾಟಕ ಕಣಮ್ಮಾ, ಮನೆ ನೆನಪು. ಒಂದೆರಡು ಕೊಡಿ, ಸರಿಹೋಗ್ತಾಳೆ."

ಎದೆಲ್ಮಿರಾ ಕೊಡಲಿಲ್ಲ. ಶಾಲೆಯಿಂದ ನೇರ ಊರಿನ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಪೆಲ್ಲೇತಿ ಎಂಬ ಎಳೆಯ ಡಾಕ್ಟರು ರಾಜಧಾನಿಯಿಂದ ಬಂದು, ವಾಪಸು ವರ್ಗ ಮಾಡಿಸಿಕೊಳ್ಳಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವನು. ಹೊಟ್ಟೆ ಒತ್ತಿದ, ನಾಲಿಗೆ ನೋಡಿದ, ಮೊಣಕಾಲಿಗೆ ಸುತ್ತಿಗೆಯಿಂದ ಕುಟ್ಟಿದ.

"ಒಬ್ಬಳೇ ಮಗಳಾ?"

"ಒಬ್ಬಳೇ, ಡಾಕ್ಟ್ರೇ."

"ಅದಕ್ಕೇ. ಮುದ್ದು ಜಾಸ್ತಿ. ನರದ ದೌರ್ಬಲ್ಯ ಅಷ್ಟೆ. ಕುರಿಕೊಬ್ಬು ಕಮ್ಮಿ ಮಾಡಿ, ಈ ಟಾನಿಕ್ ಕುಡಿಸಿ."

"ತಲೆ ಒಳಗೆ ಏನೋ ನೂಕ್ತದೆ ಅಂತಾಳೆ, ಡಾಕ್ಟ್ರೇ."

"ಮಕ್ಕಳು ಏನೇನೋ ಹೇಳ್ತಾವೆ ಕಣಮ್ಮಾ," ಎಂದು ಅವನು ನಕ್ಕು ಮುಂದಿನವರನ್ನು ಕರೆದ.

ಟಾನಿಕ್ ಕೆಂಪಗೆ ಸಿಹಿಯಾಗಿತ್ತು. ನಿಲ್ದಾಳಿಗೆ ಅದು ಬಹಳ ಇಷ್ಟವಾಯಿತು.

ಅಷ್ಟರಲ್ಲಿ ಹಿಮ ಬಿತ್ತು. ಬಯಲಿನಲ್ಲಿ ಹಿಮ ಬಿದ್ದರೆ ಕಾವಲುಮನೆಗೆ ದಾರಿಯೇ ಇಲ್ಲ. ಚಳಿಗಾಲವಿಡೀ ಮಗು ಒಲೆಯ ಪಕ್ಕದಲ್ಲೇ ಕಳೆಯಿತು. ನಡೆದರೆ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಶರತ್ಕಾಲದಲ್ಲಿ ಹೆಣೆದುಕೊಟ್ಟ ಉಣ್ಣೆಟೋಪಿ ಹಿಮ ಕರಗುವ ಹೊತ್ತಿಗೆ ತಲೆಗೆ ಹಿಡಿಸಲಿಲ್ಲ. ಬಿಸಿನೀರಿನಲ್ಲಿ ಒಗೆದು ಟೋಪಿ ಕುಗ್ಗಿಸಿಬಿಟ್ಟೆನೆಂದು ತನ್ನನ್ನೇ ಬೈದುಕೊಂಡ ಎದೆಲ್ಮಿರಾ, ಅದನ್ನು ಬಿಚ್ಚಿ ಇನ್ನೊಂದು ಸುತ್ತು ಸೇರಿಸಿ ಹೆಣೆದಳು. ಬೆಳೆದದ್ದು ತಲೆ ಎಂದು ಯಾರಿಗೆ ಹೊಳೆದೀತು?

ವಸಂತ ಬಂತು, ದಾರಿ ತೆರೆಯಿತು. ದಾರಿಯ ಜೊತೆಗೇ ಉಣ್ಣೆ ಕತ್ತರಿಸುವ ತಂಡವೂ ಬಂತು. ಎದೆಲ್ಮಿರಾ ಗಂಡನ ಜೊತೆ ದೊಡ್ಡಮನೆಗೆ ಹೋಗಿ ಆಡಳಿತಗಾರ ದೊನ್ ಅಬೆಲಾರ್ದೊನ ಮುಂದೆ ನಿಂತಳು. ಧಣಿಗಳು ವರ್ಷಕ್ಕೊಮ್ಮೆ ಬರುವವರು. ಅಲ್ಲಿ ದೊನ್ ಅಬೆಲಾರ್ದೊ ಹೇಳಿದ್ದೇ ವೇದವಾಕ್ಯ. ಕೆಟ್ಟವನೇನಲ್ಲ. ಹಬ್ಬಕ್ಕೆ ಮಕ್ಕಳಿಗೆಲ್ಲ ಮಿಠಾಯಿ ಹಂಚುತ್ತಿದ್ದ.

"ಮಗೂನ ಬಹಿಯಾ ಬ್ಲಾಂಕಾದ ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು, ದೊನ್ ಅಬೆಲಾರ್ದೊ. ಈ ತಲೆನೋವು ಸಾಮಾನ್ಯದ್ದಲ್ಲ."

"ಹೋಗು, ಬೇಡ ಅಂದೋರ್ಯಾರು? ಆದ್ರೆ ಈಗಲ್ಲ. ತಂಡಕ್ಕೆ ಅಡುಗೆ ಯಾರು ಮಾಡ್ತಾರೆ, ನಾನಾ? ಟಗರು ಯಾರು ಸುಲೀತಾರೆ? ತಲೆನೋವಿಗೆ ಸತ್ತವರನ್ನ ನಾನಂತೂ ಕಂಡಿಲ್ಲಮ್ಮಾ. ಕಡೇ ಮೂಟೆ ಲಾರಿ ಹತ್ಲಿ, ನಾನೇ ನನ್ನ ಜೀಪಲ್ಲಿ ಸ್ಟೇಷನ್ನಿಗೆ ಬಿಡಿಸ್ತೀನಿ."

ಅವಳು ಗಂಡನ ಕಡೆ ನೋಡಿದಳು. ಫರ್ಮಿನ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಅವರೂ ಒಳ್ಳೇದಕ್ಕೇ ಹೇಳ್ತಾವ್ರೆ," ಎಂದ ಅವನು, ಹೊರಗೆ ಬಂದ ಮೇಲೆ. "ಜೀಪು ಕೊಡ್ತೀನಿ ಅಂದ್ರಲ್ಲ. ಇಷ್ಟ್ ದಿನ ತಡ್ಕೊಂಡೈತೆ, ಇನ್ನೊಂದಿಷ್ಟು ದಿನ."

ಎದೆಲ್ಮಿರಾ ಕಾದಳು. ಮುಂದೆ ಅವಳ ಜೀವ ತಿಂದದ್ದು ಬೇರೆ ಯಾವುದೂ ಅಲ್ಲ, ಈ ಕಾದದ್ದು. ತಂಡಕ್ಕೆ ಬೇಯಿಸಿ ಹಾಕಿದಳು, ಕೊಬ್ಬಿನಲ್ಲಿ ರೊಟ್ಟಿ ಕರಿದಳು, ಟಗರಿನ ಮೇಲೆ ಟಗರು ಸುಲಿದಳು. ಜನ ಸುತ್ತ ನಿಂತು ಭೇಷ್ ಎಂದರು. ಈ ಸಲ ಯಾರ ಕುಚೋದ್ಯಕ್ಕೂ ಅವಳು ತಿರುಗುತ್ತರ ಕೊಡಲಿಲ್ಲ.

ಕತ್ತರಿ ಕೆಲಸ ಮುಗಿಯುತ್ತ ಬಂದಿದ್ದಾಗ ಒಂದು ಮಧ್ಯಾಹ್ನ ಗಂಡಸರು ನೆರಳಿನಲ್ಲಿ ಕೂತು ಯೆರ್ಬಾ ಹೀರುತ್ತಿದ್ದರು. ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ದು ಒಬ್ಬರಾದ ಮೇಲೆ ಒಬ್ಬರಿಗೆ ಕೊಡುವುದು ಮಕ್ಕಳ ಕೆಲಸ. ನಿಲ್ದಾ ಕೆಟಲ್ ಎತ್ತಿ ಹೊಯ್ದದ್ದು ಬುರುಡೆಗಲ್ಲ, ತಂಡದ ಮೇಸ್ತ್ರಿಯ ತೊಡೆಗೆ. ಅವನು ಹೌಹಾರಿ ಎದ್ದ. ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಎದೆಲ್ಮಿರಾ ಓಡಿಬಂದು ಮಗಳ ಕೆನ್ನೆಗೆ ಒಂದು ಬಿಗಿದಳು.

"ಕಣ್ಣು ಎಲ್ಲಿಟ್ಟಿದ್ದೀಯೇ?"

ಮಗು ಅಳಲಿಲ್ಲ. ಅಮ್ಮನ ದನಿ ಬಂದ ಕಡೆಗೆ ಮುಖ ತಿರುಗಿಸಿತು. ಆದರೆ ನೋಟ ಅಮ್ಮನ ಭುಜದ ಆಚೆ ಎಲ್ಲೋ ಇತ್ತು.

"ಬುರುಡೆ ಕಾಣ್ಲಿಲ್ಲಮ್ಮಾ. ಯಾವಾಗ್ಲೂ ಹೊಗೆ ಅಲ್ವಾ."

"ಯಾವ ಹೊಗೆ?"

"ಎಲ್ಲಾ ಕಡೆ ಇರತ್ತಲ್ಲ, ಈ ಹೊಗೆ."

ಎದೆಲ್ಮಿರಾ ಸೊಂಟಕ್ಕೆ ಕಟ್ಟಿದ್ದ ರಕ್ತದ ಬಟ್ಟೆ ಬಿಚ್ಚಿ ನೆಲಕ್ಕೆ ಹಾಕಿದಳು. ಯಾರನ್ನೂ ಕೇಳಲಿಲ್ಲ. ಅರ್ಧ ತುಂಬಿ ಹೊರಟಿದ್ದ ಉಣ್ಣೆ ಲಾರಿಯನ್ನು ನಿಲ್ಲಿಸಿ ಮಗುವನ್ನು ಹತ್ತಿಸಿ ತಾನೂ ಹತ್ತಿದಳು. "ಒಲೆ ಮೇಲೆ ಮಾಂಸ ಐತೆ, ಎದೆಲ್ಮಿರಾ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹೊತ್ತೋಗ್ಲಿ," ಎಂದಳು ಅವಳು.

ಲಾರಿಯಿಂದ ಸ್ಟೇಷನ್, ಸ್ಟೇಷನ್ನಿನಿಂದ ರೈಲು, ರೈಲಿನಿಂದ ಬಸ್ಸು. ಮಗು ದಾರಿಯುದ್ದಕ್ಕೂ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಆ ತಲೆ ಎಷ್ಟು ಭಾರವಾಗಿದೆಯೆಂದು ಎದೆಲ್ಮಿರಾಗೆ ಅವತ್ತೇ ತಿಳಿದದ್ದು.

ಬಹಿಯಾ ಬ್ಲಾಂಕಾದ ಆಸ್ಪತ್ರೆಯಲ್ಲಿ ಮಿದುಳಿನ ಸರ್ಜನ್ ಡಾಕ್ಟರ್ ಸುಬಿರಿಯಾ ಬೆಳ್ಳಿಕೂದಲಿನ ಗಿಡ್ಡ ಮನುಷ್ಯ. ಮಗುವಿನ ಕಣ್ಣಿನೊಳಕ್ಕೆ ಪುಟ್ಟ ದೀಪ ಬಿಟ್ಟು ನೋಡಿದ. ಬಹಳ ಹೊತ್ತು ನೋಡಿದ. ಬೆರಳುಗಳಿಂದ ತಲೆಬುರುಡೆಯನ್ನು ತಟ್ಟಿ ಕಿವಿಗೊಟ್ಟ. ಒಡೆದ ಮಡಕೆ ತಟ್ಟಿದಂಥ ಸದ್ದು ಬಂತು. ಆಮೇಲೆ ಅವನು ಕೇಳಿದ ಪ್ರಶ್ನೆ ಎದೆಲ್ಮಿರಾಗೆ ಅಪಹಾಸ್ಯದಂತೆ ಕಂಡಿತು.

"ಮನೇಲಿ ನಾಯಿ ಇದಾವಾ, ತಾಯಿ?"

"ಕುರಿ ಕಾಯೋರ ಮನೇಲಿ ನಾಯಿ ಇರದೆ ಬೆಕ್ಕಿರ್ತಾವಾ, ಡಾಕ್ಟ್ರೇ? ಮೂರಿವೆ."

"ಮನೇಲೇ ಕುರಿ ಕಡೀತೀರಾ?"

"ಹೂಂ. ನಾನೇ ಸುಲಿಯೋದು."

"ಈಲಿ, ಪುಪ್ಪುಸ ಏನ್ ಮಾಡ್ತೀರಾ?"

ಅವಳು ಹೇಳಿದಳು. ಅವನು ತಲೆ ಅಲ್ಲಾಡಿಸಿದ. ಮರುದಿನ ಮಗುವಿನ ಕತ್ತಿನ ರಕ್ತನಾಳಕ್ಕೆ ಔಷಧಿ ಚುಚ್ಚಿ ಚಿತ್ರ ತೆಗೆದರು. ಡಾಕ್ಟರು ಆ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದ. ಬೇರುಗಳಂತೆ ಹರಡಿದ ನಾಳಗಳು. ನಡುವೆ ಒಂದೂ ನಾಳವಿಲ್ಲದ ದುಂಡನೆಯ ಖಾಲಿ. ನಾಳಗಳೆಲ್ಲ ಅದಕ್ಕೆ ಹೆದರಿ ಪಕ್ಕಕ್ಕೆ ಬಾಗಿ ನಿಂತಂತಿದ್ದವು.

"ಇದು ನೀರುಗುಳ್ಳೆ, ತಾಯಿ."

"ನಮ್ಮ ಕುರಿಗಳಲ್ಲಿರತ್ತಲ್ಲ, ಅಂಥಾದ್ದಾ?"

"ಅಂಥದ್ದಲ್ಲ. ಅದೇ."

ಅವಳಿಗೆ ಅರ್ಥವಾಗಲಿಲ್ಲ. ಕುರಿಯ ರೋಗ ಮನುಷ್ಯರ ಮಗುವಿಗೆ ಹೇಗೆ ಬಂದೀತು? ಗುಳ್ಳೆ ಇದ್ದ ಮಾಂಸವನ್ನು ಅವಳು ಒಂದು ದಿನವೂ ಮಗುವಿನ ತಟ್ಟೆಗೆ ಹಾಕಿದವಳಲ್ಲ. ಡಾಕ್ಟರು ಕೂತು ನಿಧಾನವಾಗಿ ಹೇಳಿದ. ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಲಾಡಿಹುಳು ಹುಟ್ಟುತ್ತದೆ. ಅದರ ಮೊಟ್ಟೆ ನಾಯಿಯ ಹೇಲಿನಲ್ಲಿ ಬಂದು ಅದರ ಕೂದಲಿಗೆ, ನಾಲಿಗೆಗೆ ಅಂಟುತ್ತದೆ. ನಾಯಿ ಮುದ್ದಾಡಿದ ಕೈ ಬಾಯಿಗೆ ಹೋಗುತ್ತದೆ. ಹಾಗೆ ನುಂಗಿದ್ದರಲ್ಲಿ ಒಂದು ಯಾವತ್ತೋ ರಕ್ತದಲ್ಲಿ ಹರಿದು ಮಿದುಳಿನಲ್ಲಿ ಕೂತಿದೆ, ವರ್ಷಗಟ್ಟಲೆ ಬೆಳೆದಿದೆ.

"ಅಂದ್ರೆ ನಾನು ನಾಯಿಗೆ ಎಸೆದದ್ದು..." ಎಂದು ಶುರುಮಾಡಿದ ಎದೆಲ್ಮಿರಾ ಆ ವಾಕ್ಯವನ್ನು ಮುಗಿಸಲಿಲ್ಲ. ಡಾಕ್ಟರೂ ಮುಗಿಸಿಕೊಡಲಿಲ್ಲ.

"ತೆಗೀಬಹುದು," ಎಂದ ಅವನು. "ಆದ್ರೆ ಸೂಜಿ ತಾಕಿಸೋ ಹಾಗಿಲ್ಲ. ಒಡೆದರೆ ಒಳಗಿರೋ ಮರಳಿನಂಥಾ ಬೀಜ ಮಿದುಳೆಲ್ಲಾ ಚೆಲ್ಲತ್ತೆ. ಮೇಜಿನ ಮೇಲೇ ಪ್ರಾಣ ಹೋಗಬಹುದು, ಇಲ್ಲಾ ನೂರು ಗುಳ್ಳೆ ಏಳಬಹುದು. ಇಡಿಯಾಗಿ ಬರಬೇಕು."

"ತೆಗೀರಿ," ಎಂದಳು ಎದೆಲ್ಮಿರಾ. "ನಾನು ಯಾವತ್ತೂ ತೊಗಲಿಗೆ ತೂತು ಮಾಡಿದವಳಲ್ಲ, ಡಾಕ್ಟ್ರೇ. ನೀವೂ ಮಾಡಬೇಡಿ."

ಡಾಕ್ಟರು ನಗಲಿಲ್ಲ. "ಮಾಡಲ್ಲಮ್ಮಾ," ಎಂದ.

ಒಳಗೆ ನಡೆದದ್ದನ್ನು ಅವಳಿಗೆ ಆಮೇಲೆ ಹೇಳಿದವಳು ಇರ್ಮಾ ಎಂಬ ದಪ್ಪನೆಯ ನರ್ಸು. ಮಗುವಿನ ತಲೆ ಬೋಳಿಸಿ, ಬುರುಡೆಯ ಮೂಳೆಯನ್ನು ಕಿಟಕಿಯ ಹಾಗೆ ಅಗಲವಾಗಿ ತೆಗೆದರಂತೆ. ಮಿದುಳು ಗುಳ್ಳೆಯ ಮೇಲೆ ಹಾಳೆಯಷ್ಟು ತೆಳ್ಳಗಾಗಿ ಹರಡಿತ್ತಂತೆ. ಅದನ್ನು ಸೀಳಿದಾಗ ಕೆಳಗೆ ಮುತ್ತಿನ ಬಣ್ಣದ ಗುಳ್ಳೆ ಇಣುಕಿತು. ಡಾಕ್ಟರು ಮೇಜಿನ ತಲೆಭಾಗವನ್ನು ಇಳಿಸಲು ಹೇಳಿ, ಗುಳ್ಳೆಗೂ ಮಿದುಳಿಗೂ ನಡುವೆ ರಬ್ಬರ್ ನಳಿಕೆ ತೂರಿಸಿ ಉಪ್ಪುನೀರನ್ನು ಮೆಲ್ಲಗೆ ಬಿಡುತ್ತ ಹೋದ. ಯಾರೂ ಕೆಮ್ಮಲಿಲ್ಲ. ನೀರು ಹಿಂದಿನಿಂದ ನೂಕಿತು, ಗುಳ್ಳೆ ತನ್ನ ಭಾರಕ್ಕೆ ತಾನೇ ಜಾರಿತು. ಕಡೆಗೆ ತುಳುಕ್ಕನೆ ಬೇಸಿನ್ನಿಗೆ ಬಿತ್ತು.

"ಹೆರಿಗೆ ಆದಂಗೇ ಕಣಮ್ಮಾ," ಎಂದಳು ಇರ್ಮಾ. "ತಲೆಯಿಂದ ಹೆರಿಗೆ!"

ಡಾಕ್ಟರ್ ಸುಬಿರಿಯಾ ಹೊರಗೆ ಬಂದಾಗ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಆ ವಯಸ್ಸಿನ ಮನುಷ್ಯ ಹುಡುಗನಂತೆ ಕಾಣುತ್ತಿದ್ದ. "ಇಡಿಯಾಗಿ ಬಂತು! ಇಷ್ಟು ದೊಡ್ಡದು ಒಡೀದೆ ಬಂದದ್ದು ನನ್ನ ಕೈಯಲ್ಲಿ ಇದೇ ಮೊದಲು," ಎಂದು ಅವಳ ಎರಡೂ ಕೈ ಹಿಡಿದುಕೊಂಡ. ಹಿಂದೆಯೇ ಎಳೆಯ ಡಾಕ್ಟರುಗಳು ಗಾಜಿನ ಜಾಡಿಯನ್ನು ಕೈಯಿಂದ ಕೈಗೆ ದಾಟಿಸುತ್ತ ನೋಡುತ್ತಿದ್ದರು. ಎದೆಲ್ಮಿರಾಳೂ ನೋಡಿದಳು. ದೊಡ್ಡ ಕಿತ್ತಳೆಯಷ್ಟು ಗಾತ್ರ, ನುಣುಪು, ಬಿಳುಪು. ಇಂಥದ್ದನ್ನು ಅವಳು ತನ್ನ ಕೈಯಾರೆ ಎಷ್ಟು ಎಸೆದಿದ್ದಾಳೋ ದೇವರೇ ಬಲ್ಲ.

ಮಗು ಬದುಕಿತು. ಎಚ್ಚರವಾದ ಮೇಲೆ ತಲೆನೋವಿಲ್ಲ ಎಂದಿತು. ಸೂಪು ಕುಡಿಯಿತು. ಪಿಚಿ ಎಲ್ಲಿ ಎಂದು ಕೇಳಿತು. ಇರ್ಮಾ ಮೇರಿಮಾತೆಗೆ ಮೇಣದಬತ್ತಿ ಹಚ್ಚಿ ಬಂದಳು. ಬ್ಯಾಂಡೇಜು ಸಡಿಲಿಸಿದ ದಿನ ಡಾಕ್ಟರು ಮಂಚದ ಪಕ್ಕ ಕೂತು ಕೈ ಎತ್ತಿದ.

"ಎಷ್ಟು ಬೆರಳು, ಪುಟ್ಟೀ?"

"ಎರಡು," ಎಂದಳು ನಿಲ್ದಾ, ಪಾಠ ಒಪ್ಪಿಸುವ ದನಿಯಲ್ಲಿ.

"ಈಗ?"

"ಮೂರು."

"ಈಗ?"

ಮಗು ತಡೆಯಿತು. "ನಾಲ್ಕಾ?" ಎಂದು ಕೇಳಿತು.

ಅವನು ಕೈಯನ್ನು ಮುಷ್ಟಿ ಕಟ್ಟಿಯೇ ಇದ್ದ. ಒಂದು ಬೆರಳನ್ನೂ ಎತ್ತಿರಲಿಲ್ಲ. ಎದೆಲ್ಮಿರಾ ಗೋಡೆಗೆ ಆತುಕೊಂಡು ನಿಂತಿದ್ದಳು. ಮಗಳು ಊಹಿಸುತ್ತಿದ್ದಾಳೆ, ಶಾಲೆಯಲ್ಲಿ, ಮನೆಯಲ್ಲಿ, ಎಷ್ಟೋ ತಿಂಗಳಿಂದ ಹೀಗೇ ಊಹಿಸಿಕೊಂಡು, ಬೈಗುಳ ತಪ್ಪಿಸಿಕೊಂಡು ಬಂದಿದ್ದಾಳೆ ಎಂದು ಅವಳಿಗೆ ಆಗ ತಿಳಿಯಿತು.

ಹೊರಗಿನ ಓಣಿಯಲ್ಲಿ ಡಾಕ್ಟರು ನೆಲ ನೋಡುತ್ತ ಮಾತಾಡಿದ. ಗುಳ್ಳೆಯ ಒತ್ತಡಕ್ಕೆ ಕಣ್ಣಿನ ನರ ಬಾತು ಬಾತು ಒಣಗಿಹೋಗಿದೆ. ಒಣಗಿದ್ದು ಚಿಗುರುವುದಿಲ್ಲ. ಬೆಳಕು ಕತ್ತಲೆ ಗೊತ್ತಾದೀತು, ಅಷ್ಟೇ.

"ಚಳಿಗಾಲಕ್ಕೆ ಮೊದಲೇ ಬಂದಿದ್ರೆ..." ಎಂದ.

"ಚಳಿಗಾಲಕ್ಕೆ ಮೊದಲೇ ಹೋಗಿದ್ದೆ," ಎಂದಳು ಎದೆಲ್ಮಿರಾ. "ಡಾಕ್ಟರ ಹತ್ರಾನೇ ಹೋಗಿದ್ದೆ. ಕೆಂಪು ನೀರು ಕೊಟ್ಟ." ಆಮೇಲೆ ಕೇಳಿದಳು: "ವಸಂತದಲ್ಲಿ ಬಂದಿದ್ರೆ? ಹಿಮ ಕರಗಿದ ಕೂಡ್ಲೇ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಸ್ವಲ್ಪ ಉಳೀತಿತ್ತೇನೋ. ಒಂದು ಕಣ್ಣಿನಲ್ಲಾದ್ರೂ."

ಒಂದು ಕಣ್ಣು. ಟಗರು ಸುಲಿದು, ರೊಟ್ಟಿ ಕರಿದು, ಭೇಷ್ ಅನ್ನಿಸಿಕೊಂಡು ಕಳೆದ ದಿನಗಳ ಬೆಲೆ ಅದು.

ಬಯಲಿನ ಕಾವಲುಮನೆಗಳಿಗೆ ಸುದ್ದಿ ಮುಟ್ಟಿಸುವುದು ರೇಡಿಯೋ. ಮಧ್ಯಾಹ್ನದ ಹೊತ್ತು ಇಂಥವರ ಮನೆಯವರಿಗೆ ಇಂಥವರಿಂದ ಎಂದು ಓದುತ್ತಾರೆ. ಇಡೀ ಸೀಮೆ ಊಟ ಬಿಟ್ಟು ಕೇಳುತ್ತದೆ. ಎದೆಲ್ಮಿರಾ ಏನು ಬರೆಸಬೇಕೆಂದು ಬಹಳ ಯೋಚಿಸಿದಳು. ಕುರುಡಿ ಎಂಬ ಮಾತನ್ನು ಸೀಮೆಯವರೆಲ್ಲ ಯೆರ್ಬಾ ಹೀರುತ್ತ ಕೇಳುವುದು ಅವಳಿಗೆ ಬೇಡವಾಗಿತ್ತು. "ಫರ್ಮಿನ್ ಕುರಿಕೆಯೊಗೆ: ಆಪರೇಷನ್ ಆಯಿತು, ನಿಲ್ದಾ ಚೆನ್ನಾಗಿದ್ದಾಳೆ, ಬರುತ್ತಿದ್ದೇವೆ," ಎಂದಷ್ಟೇ ಬರೆಸಿದಳು.

ಅದರಿಂದ ಅನಾಹುತವೇ ಆಯಿತು. ಅವರು ಲಾರಿಯಿಂದ ಇಳಿದಾಗ ಕಾವಲುಮನೆಯ ಮುಂದೆ ಹಬ್ಬ. ಅಕ್ಕಪಕ್ಕದವರೆಲ್ಲ ಕುದುರೆಯೇರಿ ಬಂದಿದ್ದರು. ರೊಸೆಂದಾ ಹೊಸ ಲಂಗ ಉಟ್ಟು ಬಂದಿದ್ದಳು. ಶಿಲುಬೆಯಾಕಾರದ ಕಬ್ಬಿಣಕ್ಕೆ ಬಿಗಿದ ಟಗರು ಬೆಂಕಿಯ ಪಕ್ಕ ಬೇಯುತ್ತಿತ್ತು. ಫರ್ಮಿನ್ ತೊಳೆದ ಅಂಗಿ ತೊಟ್ಟು, ಅಕಾರ್ಡಿಯನ್ ನುಡಿಸುವವನನ್ನೂ ಕರೆಸಿದ್ದ. ದೊನ್ ಅಬೆಲಾರ್ದೊ ಕೂಡ ಮಿಠಾಯಿ ಪೊಟ್ಟಣದೊಂದಿಗೆ ಹಾಜರು.

"ಬಂದ್ಲು ನನ್ನ ರಾಣಿ!" ಎಂದು ಫರ್ಮಿನ್ ಕೈಚಾಚಿ ನಿಂತ. "ಓಡ್ ಬಾ ಮಗಾ!"

ನಿಲ್ದಾ ಓಡಲಿಲ್ಲ. ಎರಡೂ ಕೈ ಮುಂದೆ ಚಾಚಿ, ಕಾಲಿನಿಂದ ನೆಲ ಸವರುತ್ತ, ಬೆಂಕಿಯ ಕಡೆಗೆ ಹೊರಟಳು. ಅಕಾರ್ಡಿಯನ್ ಅರ್ಧಕ್ಕೇ ನಿಂತಿತು. ಆ ಮೌನದೊಳಗೆ ಪಿಚಿಯೊಂದೇ ಏನೂ ತಿಳಿಯದೆ ಹುಚ್ಚು ಸಂತೋಷದಲ್ಲಿ ಹಾರಿ ಬಂತು. ಮಗುವಿನ ಎದೆಯ ಮೇಲೆ ಕಾಲಿಟ್ಟು ಮುಖವೆಲ್ಲ ನೆಕ್ಕಿತು. ಅದರ ಮೂತಿ ರಕ್ತವಾಗಿತ್ತು. ಹಿಂದೆ, ಚರ್ಮ ಒಣಗಿಸುವ ತಂತಿಯ ಕೆಳಗೆ, ಉಳಿದೆರಡು ನಾಯಿಗಳು ಅವತ್ತಿನ ಟಗರಿನ ಪುಪ್ಪುಸವನ್ನು ಎಳೆದಾಡುತ್ತಿದ್ದವು.

ಎದೆಲ್ಮಿರಾ ಕಿರುಚಿದ್ದು ಮನುಷ್ಯರ ಕೂಗಿನಂತಿರಲಿಲ್ಲ ಎಂದು ಅಲ್ಲಿದ್ದವರು ಹೇಳುತ್ತಾರೆ. ಪಿಚಿಯ ಕೊರಳು ಹಿಡಿದು ದೂರಕ್ಕೆ ಎಸೆದಳು. ಉರಿಯುವ ಕೊಳ್ಳಿ ಎತ್ತಿಕೊಂಡು ಉಳಿದ ನಾಯಿಗಳನ್ನು ಅಟ್ಟಿದಳು. ಆಮೇಲೆ ಪುಪ್ಪುಸದ ಚೂರುಗಳನ್ನು ಎರಡೂ ಕೈಯಲ್ಲಿ ಬಾಚಿ ಬೆಂಕಿಗೆ, ಬೇಯುತ್ತಿದ್ದ ಮಾಂಸದ ಮೇಲೆಯೇ, ಸುರಿದಳು. "ತಿನ್ನಿ," ಎಂದಳು ನೆಂಟರಿಗೆ. "ತಿನ್ನಿ, ನನ್ನ ಮಗಳ ಕಣ್ಣು ಅದು."

ಜನ ಒಬ್ಬೊಬ್ಬರಾಗಿ ಕುದುರೆ ಏರಿದರು.

ಆ ವಾರವಿಡೀ ಗಂಡ ಹೆಂಡಿರಿಗೆ ಜಗಳ. ನಾಯಿಗಳನ್ನು ಮುಗಿಸು ಎಂದು ಅವಳು. ನಾಯಿಯಿಲ್ಲದ ಕುರಿಗಾಹಿ ಕಾಲಿಲ್ಲದವನಿದ್ದಂತೆ ಎಂದು ಅವನು. ದೊನ್ ಅಬೆಲಾರ್ದೊ ಹೇಳಿ ಕಳಿಸಿದ: ಮಂದೆಯ ನಾಯಿಗಳು ಎಸ್ಟೇಟಿನ ಸೊತ್ತು, ಮುಟ್ಟಿದರೆ ಕೆಲಸ ಹೋಗುತ್ತದೆ, ಬೇಕಾದರೆ ಆ ಪಿಚಿಯನ್ನು ಏನಾದರೂ ಮಾಡಿಕೊಳ್ಳಿ, ಅದು ಯಾವ ಕೆಲಸಕ್ಕೂ ಬಾರದ್ದು.

ಯಾವ ಕೆಲಸಕ್ಕೂ ಬಾರದ ಪಿಚಿ ಅಷ್ಟರಲ್ಲಿ ತನಗೊಂದು ಕೆಲಸ ಹುಡುಕಿಕೊಂಡಿತ್ತು. ನಿಲ್ದಾ ಅದರ ಕೊರಳ ಕೂದಲು ಹಿಡಿದು ಬಾವಿಯವರೆಗೆ, ಕೊಟ್ಟಿಗೆಯವರೆಗೆ ಹೋಗಿ ಬರುತ್ತಿದ್ದಳು. ನಾಯಿ ನಿಂತಲ್ಲಿ ನಿಲ್ಲುವಳು, ಹೊರಳಿದಲ್ಲಿ ಹೊರಳುವಳು. ಅದರ ಜೊತೆಗಿದ್ದಾಗ ಮಾತ್ರ ಅವಳ ಹಳೇ ನಗು ಕೇಳುತ್ತಿತ್ತು. ಎದೆಲ್ಮಿರಾ ಬಾಗಿಲಲ್ಲಿ ನಿಂತು ಇದನ್ನು ನೋಡುವಳು, ಮಗುವಿನ ಕೈಯನ್ನು ಸೋಪು ಹಚ್ಚಿ ಚರ್ಮ ಕೆಂಪಾಗುವವರೆಗೆ ಉಜ್ಜುವಳು, ಮತ್ತೆ ನೋಡುವಳು. ಇನ್ನೊಂದು ಗುಳ್ಳೆ ಈಗಾಗಲೇ ಎಲ್ಲೋ ಕೂತಿರಬಹುದೆಂಬ ಭಯ ಅವಳನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಕಡೆಗೆ ಒಂದು ಬೆಳಿಗ್ಗೆ ಫರ್ಮಿನ್‌ನ ಕೈಗೆ ಕೋವಿ ಕೊಟ್ಟು, ಪಿಚಿಯ ಕೊರಳಿಗೆ ಹಗ್ಗ ಕಟ್ಟಿ ಕೊಟ್ಟಳು. "ದೂರ ಹೋಗು," ಎಂದಳು.

ಅವನು ಸಾಕಷ್ಟು ದೂರ ಹೋಗಲಿಲ್ಲ.

"ಪಿಚಿ ಓಡಿಹೋಯ್ತು ಮಗಾ," ಎಂದಳು ಮಧ್ಯಾಹ್ನ, ಮಗಳ ತಲೆ ಬಾಚುತ್ತ. ಗಾಯದ ಸುತ್ತ ಕೂದಲು ಆಗಷ್ಟೇ ಮೂಡುತ್ತಿತ್ತು.

"ಗುಂಡಿನ ಸದ್ದು ಕೇಳ್ತಮ್ಮಾ," ಎಂದಳು ನಿಲ್ದಾ. "ನಂಗೆ ಕಣ್ಣಿಲ್ಲ ಅಷ್ಟೆ."

ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಬೇರೆ ವಿಷಯಗಳನ್ನೂ ಹೆಚ್ಚು ಎತ್ತಲಿಲ್ಲ. ಮುಂದಿನ ವರ್ಷ ಅವಳನ್ನು ನಗರದ ಅಂಧರ ಶಾಲೆಗೆ ಸೇರಿಸಿದರು. ಅಲ್ಲೇ ಬೆಳೆದಳು, ಬೆರಳಿನಿಂದ ಓದಲು ಕಲಿತಳು, ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕೂ ಸೇರಿದಳು. ರಜಕ್ಕೆ ಬಂದರೆ ಅಪ್ಪನ ಜೊತೆ ಹರಟುತ್ತಿದ್ದಳು. ಅಮ್ಮನಿಗೆ "ಹೂಂ", "ಉಹುಂ". ಸಿಟ್ಟೆಂದೇನೂ ಅಲ್ಲ. ಸಿಟ್ಟಾಗಿದ್ದರೆ ಎದೆಲ್ಮಿರಾ ಜಗಳವಾಡಿ ಗೆಲ್ಲುತ್ತಿದ್ದಳು.

ಎದೆಲ್ಮಿರಾ ಟಗರು ಸುಲಿಯುವುದನ್ನು ಬಿಡಲಿಲ್ಲ, ಬಿಟ್ಟರೆ ಹೊಟ್ಟೆಗೇನು? ಆದರೆ ಮನೆಯ ಹಿಂದೆ ಎದೆಮಟ್ಟದ ಗುಂಡಿ ತೋಡಿ, ಒಳಗಿನದ್ದೆಲ್ಲವನ್ನೂ ಅದಕ್ಕೆ ಹಾಕಿ ಸುಣ್ಣ ಸುರಿದು ಮುಚ್ಚತೊಡಗಿದಳು. ಉಳಿದ ನಾಯಿಗಳನ್ನು ಸರಪಳಿಯಲ್ಲಿಟ್ಟು ಬೇಯಿಸಿದ್ದನ್ನೇ ಹಾಕಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಜನ ಸೈರಿಸುತ್ತಿದ್ದರೋ ಏನೋ. ಅವಳು ಕುದುರೆಯೇರಿ ಬೇರೆ ಕಾವಲುಮನೆಗಳಿಗೂ ಹೋಗಿ, ಗುಂಡಿ ತೋಡಿ, ಗುಂಡಿ ತೋಡಿ ಎಂದು ಜಗಳ ಕಾಯುತ್ತಿದ್ದಳು. ಜನ ಅವಳಿಗೆ ಗುಂಡಿಯಮ್ಮ ಎಂದು ಹೆಸರಿಟ್ಟರು. ದೂರದಲ್ಲಿ ಅವಳ ಕುದುರೆ ಕಂಡರೆ, "ಬಂದ್ಳಪ್ಪಾ ಗುಂಡಿಯಮ್ಮ, ಹಾರೆ ಬಚ್ಚಿಡ್ರೋ," ಎನ್ನುತ್ತಿದ್ದರು.

"ನಮ್ಮಜ್ಜಂದಿರ ಕಾಲದಿಂದ ನಾಯಿಗೇ ಹಾಕ್ತಾ ಬಂದಿದೀವಿ ಅಕ್ಕಾ," ಎಂದು ರೊಸೆಂದಾ ಮುಖದ ಮೇಲೆ ಹೊಡೆದಂತೆ ಹೇಳಿದಳು. "ನಮಗ್ಯಾರ್ಗೂ ಏನೂ ಆಗಿಲ್ಲ. ನಿನ್ನ ಹಣೇಲಿ ಬರ್ದಿತ್ತು, ನಿನಗಾಯ್ತು."

ಎಷ್ಟೋ ವರ್ಷ ಕಳೆದ ಮೇಲೆ ಸರ್ಕಾರದವರು ನಾಯಿಗಳಿಗೆ ಕೊಡುವ ಗುಳಿಗೆ, ಬಣ್ಣದ ಚಿತ್ರಗಳೊಂದಿಗೆ ಬಂದರು. ಬಂದ ಹುಡುಗ ಎದೆಲ್ಮಿರಾಳ ಬಾಗಿಲಲ್ಲಿ ನಿಂತು, "ಅಜ್ಜೀ, ಕುರಿ ಕಡಿದ ಮೇಲೆ ಒಳಗಿನದ್ದನ್ನ ನಾಯಿಗೆ ಹಾಕಬಾರದು, ಗುಂಡಿ ತೋಡಬೇಕು, ಗೊತ್ತಾ?" ಎಂದು ಶುರುಮಾಡಿದ. ಅವಳು ನಕ್ಕಳು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ಹುಡುಗ ಹೆದರಿ ಗುಳಿಗೆಯ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಹೋದ.

ಅದೇ ಶರತ್ಕಾಲದಲ್ಲಿ ರೊಸೆಂದಾ ಕುದುರೆ ಓಡಿಸಿಕೊಂಡು ಬಂದಳು. ಜಗಳವಾದ ಮೇಲೆ ಆ ಮನೆಯ ಹೊಸ್ತಿಲು ತುಳಿದವಳೇ ಅಲ್ಲ. ಅವಳ ಮೊಮ್ಮಗ ಎಲೀಸಿಯೊ ಬೆಳಿಗ್ಗೆ ಬೆಳಿಗ್ಗೆ ವಾಂತಿ ಮಾಡುತ್ತಿದ್ದ, ತಲೆ ಹಿಡಿದುಕೊಂಡು ಅಳುತ್ತಿದ್ದ. ಎಣ್ಣೆಹನಿ ಬಿಟ್ಟು ನೋಡಿದ್ದಾಯಿತು, ಟಾನಿಕ್ ಕುಡಿಸಿದ್ದಾಯಿತು.

"ಅಕ್ಕಾ..." ಎಂದು ಬಾಗಿಲಲ್ಲಿ ನಿಂತಳು ರೊಸೆಂದಾ.

ಎದೆಲ್ಮಿರಾಳ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಹಣೆಬರಹದ ಮಾತು. ವರ್ಷಗಟ್ಟಲೆ ಮಸೆದಿಟ್ಟ ಮಾತು. ಅದನ್ನು ನುಂಗಿಕೊಂಡಳು.

"ಇವತ್ತೇ ಹೊರಡು," ಎಂದಳು. "ಯಾರ ಅಪ್ಪಣೆನೂ ಕೇಳಬೇಡ. ಒಲೆ ಮೇಲೆ ಏನಿದ್ರೂ ಹೊತ್ತೋಗ್ಲಿ. ಸುಬಿರಿಯಾ ಅಂತ ಡಾಕ್ಟರು, ಈಗ ಮುದುಕ ಆಗಿರ್ತಾನೆ. ಅವನಿಲ್ದಿದ್ರೆ ಅವನ ಕೈಕೆಳಗೆ ಕಲಿತೋರು ಇರ್ತಾರೆ. ಕಣ್ಣು ನೋಡ್ರಿ ಅಂತ ಮೊದಲು ಹೇಳು. ಕಣ್ಣು!"

ಅವರು ಹೋದರು. ಗುಳ್ಳೆ ಇಡಿಯಾಗಿ ಬಂತು. ಹುಡುಗ ಕಣ್ಣು ಉಳಿಸಿಕೊಂಡೇ ಮನೆಗೆ ಬಂದ. ರೊಸೆಂದಾ ಮೇರಿಮಾತೆಗೆ ಹರಕೆ ತೀರಿಸಿದಳು, ಸೀಮೆಗೆಲ್ಲ ಊಟ ಹಾಕಿದಳು. ಎದೆಲ್ಮಿರಾಳನ್ನೂ ಕರೆದಿದ್ದಳು; ಎದೆಲ್ಮಿರಾ ಹೋಗಲಿಲ್ಲ. ಹೋಗಿ ಬಂದ ಫರ್ಮಿನ್‌ನನ್ನು, "ಪುಪ್ಪುಸ ಏನ್ ಮಾಡಿದ್ರು?" ಎಂದು ಕೇಳಿದಳು. ಫರ್ಮಿನ್ ಬೂಟು ಬಿಚ್ಚುತ್ತ ಕೂತ.

ಎಲೀಸಿಯೊ ಚೆನ್ನಾಗಿ ಬೆಳೆದ. ತಲೆಯ ಗಾಯ ಟೋಪಿಯಡಿ ಕಾಣುತ್ತಿರಲಿಲ್ಲ. ಮಂದೆಯ ಹಿಂದೆ ಕುದುರೆ ಓಡಿಸಿಕೊಂಡು ಹೋಗುವಾಗ ಗುಂಡಿಯಮ್ಮನ ಮನೆಯ ಮುಂದೆ ಹಾಯುವನು. ತನ್ನ ಕಣ್ಣು ಯಾರಿಂದ ಉಳಿಯಿತೆಂದು ಅಜ್ಜಿ ಹೇಳಿದ್ದಳೋ ಏನೋ, ದೂರದಿಂದಲೇ ಅವಳನ್ನು ಗುರುತು ಹಿಡಿದು ಟೋಪಿ ತೆಗೆದು ಬೀಸುವನು. ಎದೆಲ್ಮಿರಾ ಅವನಿಗೆ ಕೇಡು ಬಯಸಿದವಳಲ್ಲ. ಆದರೂ ಅವನು ಬರುವುದು ಕಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಹೋಗಿ, ಕುದುರೆಯ ಸದ್ದು ಪೂರ್ತಿ ಅಡಗುವವರೆಗೆ ಅಲ್ಲೇ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದಳು.